ಮಡಿಲು ತುಂಬಿ ತಂದ ಸಹಿಗಳು

ಸೋಲಾರ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೆ ಎಂದರೆ ಜನ ಮೊದಲು ನನ್ನ ಮೈಬಣ್ಣ ನೋಡುತ್ತಾರೆ, ಬಿಸಿಲಲ್ಲಿ ಸುಟ್ಟಿರಬೇಕು ಎಂದು. ನಾನು ಬಿಸಿಲಿಗೆ ಇಳಿದದ್ದೇ ಕಡಿಮೆ. ನನ್ನ ಕೆಲಸವೆಲ್ಲ ಜಗಲಿಗಳ ಮೇಲೆ, ಅಡುಗೆಮನೆಗಳ ಬಾಗಿಲಲ್ಲಿ, ಬಂಗಾರಪೇಟೆಯ ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ. ಕಂಬ ನೆಡುವವರು, ಫಲಕ ಕೂರಿಸುವವರು ಬರುವ ಹೊತ್ತಿಗೆ ನಮ್ಮದು ಮುಗಿದಿರಬೇಕು. ಜಮೀನು ಯಾರದು, ಅದರ ಮೇಲೆ ಸಾಲವಿದೆಯೆ, ಮನೆಯಲ್ಲಿ ಯಾರು ಯಾರು ಹಕ್ಕುದಾರರು, ಅವರೆಲ್ಲ ಸಹಿ ಹಾಕುತ್ತಾರೆಯೆ, ಇಷ್ಟು ಇತ್ಯರ್ಥವಾಗದೆ ಬ್ಯಾಂಕಿನವರು ಕಂಪನಿಯ ಮುಖವನ್ನೂ ನೋಡುವುದಿಲ್ಲ.

ಈಗ ನಮ್ಮ ಕಡೆಯ ಓದಿದ ಹೆಣ್ಣುಮಕ್ಕಳು ಈ ಕೆಲಸಕ್ಕೆ ಸೇರುತ್ತಿದ್ದಾರೆ. ಅವರಲ್ಲಿ ಕೆಲವರು ಮನೆಗೆ ಬಂದು, "ಆಂಟಿ, ನೀವು ಎಂಗೆ ಮಾಡ್ತಿದ್ರಿ ಏಳಿ" ಎಂದು ಕೇಳಿದರು. ಬಾಯಲ್ಲಿ ಹೇಳಲು ಕೂತರೆ ನಗು ಬರುವ ಕಡೆಗಳನ್ನಷ್ಟೇ ಹೇಳಿ, ಕಾಫಿ ಕೊಟ್ಟು ಕಳಿಸಿಬಿಡುತ್ತೇನೆ. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ನಾನು ರಿಜಿಸ್ಟ್ರಾರ್ ಕಚೇರಿಯ ಎದುರಿನ ಪತ್ರ ಬರಹಗಾರರೊಬ್ಬರ ಅಂಗಡಿಯಲ್ಲಿ ಟೈಪು ಮಾಡುತ್ತಿದ್ದೆ. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಎಲ್ಲವೂ ಕೈಮೇಲೆ ಹೋಗಿದ್ದವು. ಕ್ಯಾಸಂಬಳ್ಳಿ ಕಡೆ ಗುತ್ತಿಗೆಗೆ ಜಮೀನು ಹುಡುಕುತ್ತಿದ್ದ ಕಂಪನಿಗೆ ಪಹಣಿ ಓದಲು ಬರುವ, ಹಳ್ಳಿಯ ಮನೆಗಳ ಒಳಗೆ ಹೋಗಿ ಕೂರಬಲ್ಲ ಹೆಂಗಸೊಬ್ಬಳು ಬೇಕಾಗಿದ್ದಳು. ಬೆಳಿಗ್ಗೆ ಡಬ್ಬಿಗೆ ಚಿತ್ರಾನ್ನ ತುಂಬಿಕೊಂಡು ಜೀಪು ಹತ್ತಿದರೆ ಸಂಜೆ ಹಾಲಿನ ಡೇರಿಯ ಮುಂದೆ ಜನ ಸೇರುವ ಹೊತ್ತಿಗೆ ವಾಪಸು. ಮನೆಯವರು ಒಂದು ದಿನವೂ ಗೊಣಗಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಮಾತ್ರ, "ಇವತ್ತು ಯಾವೂರ ಪಹಣಿ ತಲೇಲಿತ್ತು?" ಎನ್ನುತ್ತಿದ್ದರು.

ಮೊದಲ ತಿಂಗಳಲ್ಲೇ ಒಂದು ಎಡವಟ್ಟಾಯಿತು. ಪಹಣಿಯಲ್ಲಿ ಮುನಿವೆಂಕಟಪ್ಪ ಎಂದಿತ್ತು. ಊರಿಗೆ ಹೋಗಿ ಮುನಿವೆಂಕಟಪ್ಪ ಯಾರು ಎಂದು ಕೇಳಿದೆ. ಅರಳಿಕಟ್ಟೆಯ ಮೇಲಿಂದ ಒಬ್ಬರು ಎದ್ದು ಬಂದು, ಬಹಳ ಗಂಭೀರವಾಗಿ, ನಾನು ತೋರಿಸಿದ ಕಡೆಯೆಲ್ಲ ಸಹಿ ಹಾಕಿದರು. ಕಾಗದಗಳು ಕಂಪನಿಯ ಬೆಂಗಳೂರಿನ ವಕೀಲೆಯವರೆಗೂ ಹೋಗಿ ಬಂದ ಮೇಲೆ ಗೊತ್ತಾಯಿತು, ಆ ಊರಲ್ಲಿ ಮುನಿವೆಂಕಟಪ್ಪಂದಿರು ಹಲವರು. ಸಹಿ ಹಾಕಿದವರಿಗೆ ಆ ಜಮೀನಿನಲ್ಲಿ ಒಂದು ಬದುವೂ ಇಲ್ಲ. ಕೇಳಲು ಹೋದರೆ ಅವರೇ ನನ್ನನ್ನು ಬೈದರು.

"ನೀನು ಕೇಳಿದ್ದೇನಮ್ಮ? ಮುನಿವೆಂಕಟಪ್ಪ ನೀನೇನಾ ಅಂದೆ. ಔದು ಅಂದೆ. ಜಮೀನು ನಿಂದೇನಾ ಅಂತ ಕೇಳಿದ್ಯಾ?"

"ಸಹಿ ಯಾಕೆ ಹಾಕಿದ್ರಿ ಮತ್ತೆ?"

"ಜೀಪಲ್ಲಿ ಬಂದವ್ರೆ, ಪಾಪ, ಏನೋ ಕೆಲ್ಸ ಆಗ್ಬೇಕೇನೋ ಅಂತ ಆಕ್ದೆ."

ಈಗ ಪಹಣಿ ಫೋನಿನಲ್ಲೇ ಬರುತ್ತದೆ. ನಾವು ತಾಲ್ಲೂಕು ಕಚೇರಿಯ ಕಿಟಕಿ ಮುಂದೆ ಅರ್ಧ ದಿನ ನಿಲ್ಲುತ್ತಿದ್ದೆವು. ಆದರೆ ಮನೆಯೊಳಗೆ ಯಾರಿದ್ದಾರೆ ಎಂಬುದು ಇಂದಿಗೂ ಫೋನಿನಲ್ಲಿ ಬರುವುದಿಲ್ಲ. "ಮಕ್ಕಳೆಷ್ಟು?" ಎಂದು ಜಗಲಿಯಲ್ಲಿ ಕೇಳಿದರೆ "ಇಬ್ರು" ಎನ್ನುತ್ತಾರೆ. ಅದು ಗಂಡುಮಕ್ಕಳ ಲೆಕ್ಕ. ಅಡುಗೆಮನೆಗೆ ಹೋಗಿ ಅವರೆಕಾಯಿ ಸುಲಿಯುತ್ತಾ ಕೂತರೆ, ಇನ್ನೊಬ್ಬಳನ್ನು ಬೇತಮಂಗಲಕ್ಕೆ ಕೊಟ್ಟಿದೆ, ಮತ್ತೊಬ್ಬಳು ಉರಿಗಾಂನಲ್ಲಿದ್ದಾಳೆ ಎಂದು ಹೊರಬರುತ್ತದೆ. ಹೆಣ್ಣುಮಕ್ಕಳಿಗೂ ಪಾಲಿದೆ, ಅವರು ಒಂದೋ ಗುತ್ತಿಗೆ ಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ಹಕ್ಕು ಬಿಟ್ಟುಕೊಟ್ಟೆ ಎಂದು ಬಿಡುಗಡೆ ಪತ್ರ ಬರೆದುಕೊಡಬೇಕು. ಇಲ್ಲದಿದ್ದರೆ ಕಡತವನ್ನು ಮುಟ್ಟುವುದಿಲ್ಲ ಎಂದು ವಕೀಲೆ ಹಟ ಹಿಡಿದಿದ್ದರು. ಅವರ ಹಟ ಸರಿಯಾಗಿತ್ತು. ಅದನ್ನು ನಾನು ನಿಭಾಯಿಸಿದ ರೀತಿ ಸರಿಯಿರಲಿಲ್ಲ.

ಅಣ್ಣತಮ್ಮಂದಿರಿಗೆ ಬೇಕಾದದ್ದು ಬಿಡುಗಡೆ ಪತ್ರ. ತಂಗಿಯ ಮನೆಗೆ ಹೋಗಿ ಕೇಳಲು ಅವರಿಗೆ ಮುಖವಿಲ್ಲ. "ನೀವೇ ಓಗಿ ಸೈನ್ ಆಕಿಸ್ಕೊಂಬನ್ನಿ" ಎನ್ನುತ್ತಿದ್ದರು. ಬರೀ ಕಾಗದ ಹಿಡಿದು ಹೋದರೆ ಆ ಹೆಣ್ಣುಮಕ್ಕಳು ಗಂಡನ ಮುಖ ನೋಡುತ್ತಿದ್ದರು, ಗಂಡ ನನ್ನ ಮುಖ ನೋಡುತ್ತಿದ್ದ, ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಒಮ್ಮೆ ಗೌರಿ ಹಬ್ಬದ ಹತ್ತಿರ ಹೋಗಬೇಕಾಯಿತು. ಬರಿಗೈಯಲ್ಲಿ ಹೇಗೆ ಹೋಗುವುದು ಎಂದು ಒಂದು ಬಿದಿರು ಬುಟ್ಟಿಯಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಶಿನ ಕುಂಕುಮ, ಬಳೆ, ರವಿಕೆ ಬಟ್ಟೆ ಇಟ್ಟುಕೊಂಡು ಹೋದೆ. ಅವಳಿಗೆ ಕುಂಕುಮವಿಟ್ಟು ಮಡಿಲು ತುಂಬಿದೆ. ಅವಳು ಕಣ್ಣೊರೆಸಿಕೊಂಡು, ಓದದೆ, ಸಹಿ ಹಾಕಿದಳು.

ನಮ್ಮ ಮ್ಯಾನೇಜರ್ ರಂಗನಾಥ್ ಸಾರ್ ಒಳ್ಳೆಯವರು. ಯಾರ ಮೇಲೂ ದನಿ ಎತ್ತುತ್ತಿರಲಿಲ್ಲ. ಈ ಸಂಗತಿ ಕೇಳಿ, "ಶಾರದಮ್ಮಾ, ಇದನ್ನ ಎಲ್ಲಾ ಕಡೆ ಮಾಡಿ. ಬಿಲ್ಲು ನಂಗೆ ಕೊಡಿ" ಎಂದರು. ಅಲ್ಲಿಂದ ಮುಂದೆ ಜೀಪಿನ ಹಿಂದಿನ ಸೀಟಿನಲ್ಲಿ ಬುಟ್ಟಿ ಖಾಯಂ ಆಯಿತು. ಬೇರೆ ತಾಲ್ಲೂಕಿನ ನಮ್ಮವರೂ ಕಲಿಯಲು ಬಂದರು. ಒಂದು ಸಭೆಯಲ್ಲಿ ಇದನ್ನು ನನ್ನಿಂದಲೇ ಎಲ್ಲರಿಗೂ ಹೇಳಿಸಿ ಚಪ್ಪಾಳೆ ಹೊಡೆಸಿದರು. ನಾನು ಹೊಸ ಸೀರೆ ಉಟ್ಟು ಹೋಗಿದ್ದೆ. ಆ ಸೀರೆಯನ್ನು ಈಗ ನಾದಿನಿಗೆ ಕೊಟ್ಟುಬಿಟ್ಟಿದ್ದೇನೆ.

ನಮ್ಮಲ್ಲಿ ತವರಿನವರಲ್ಲದೆ ಇನ್ಯಾರು ಮಡಿಲು ತುಂಬುತ್ತಾರೆ? ಸೆರಗು ಒಡ್ಡಿದ ಹೆಣ್ಣು ಆ ಗಳಿಗೆಯಲ್ಲಿ ಇಲ್ಲ ಎನ್ನಲಾರಳು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ನಾನೂ ನನ್ನ ಅಣ್ಣಂದಿರಿಗೆ ಹಾಗೆಯೇ ಸಹಿ ಹಾಕಿಕೊಟ್ಟು, ಮಡಿಲು ಕಟ್ಟಿಕೊಂಡು, ಸಂತೋಷವಾಗಿಯೇ ಬಸ್ಸು ಹತ್ತಿ ಬಂದವಳು.

ಇಷ್ಟಾದ ಮೇಲೆ ವೆಂಕಟಮ್ಮನ ವಿಷಯ ಬಂತು.

ಕ್ಯಾಸಂಬಳ್ಳಿಯ ಆಚೆ, ವಿದ್ಯುತ್ ಉಪಕೇಂದ್ರದ ಗೋಡೆಗೆ ಅಂಟಿಕೊಂಡಂತೆ ನಾರಾಯಣಪ್ಪ ಎಂಬುವರ ಹೊಲವಿತ್ತು. ರಾಗಿ ಹೊಲ, ಒಂದು ಮೂಲೆಯಲ್ಲಿ ಹೊಂಗೆ ಮರ. ನಾವು ಮಾಡಿದ ವಿದ್ಯುತ್ತು ಆ ಉಪಕೇಂದ್ರಕ್ಕೇ ಹೋಗಬೇಕು. ಆ ಹೊಲ ಬಿಟ್ಟರೆ ತಂತಿಯನ್ನು ಕೆರೆ ಸುತ್ತಿಸಿ ಎಳೆಯಬೇಕು. ವಿದ್ಯುತ್ ಖರೀದಿ ಒಪ್ಪಂದದಲ್ಲಿ ಇಂಥ ದಿನದೊಳಗೆ ಕರೆಂಟು ಕೊಡಬೇಕು, ತಪ್ಪಿದರೆ ದರ ಕಡಿಮೆ ಎಂದು ಬರೆದಿರುತ್ತದೆ. ಆ ದಿನ ಹತ್ತಿರ ಬಂದಂತೆಲ್ಲ ಕಂಪನಿಯಲ್ಲಿ ಎಲ್ಲರ ಮುಖವೂ ಪರೀಕ್ಷೆ ಹಿಂದಿನ ದಿನದ ಮಕ್ಕಳ ಹಾಗಾಗಿತ್ತು.

"ನಿಮಗೆ ತಂಗಿ ಇದ್ದಾರಂತಲ್ಲ?" ಎಂದು ನಾರಾಯಣಪ್ಪನವರನ್ನು ಕೇಳಿದೆ.

"ಅವ್ಳೆ. ಉರಿಗಾಂನಾಗೆ. ನಂಗೂ ಅವ್ಳ್ಗೂ ಮಾತಿಲ್ಲ."

ಒಳಗಿನಿಂದ ಅವರ ಹೆಂಡತಿ ಹೇಳಿದರು: ತಮ್ಮ ಅತ್ತೆಯ ಕಡೆಗಾಲದಲ್ಲಿ, ಆಸ್ಪತ್ರೆಗೆ ಸೇರಿಸಬೇಕು ಎಂದು ತಂಗಿ, ಬೇಡ ಎಂದು ಅಣ್ಣ ಜಗಳವಾಡಿದ್ದರು. ಆಮೇಲೆ ಇವರು ಆ ತಂಗಿ ವೆಂಕಟಮ್ಮನನ್ನು ಹಬ್ಬಕ್ಕೂ ಕರೆಯಲಿಲ್ಲ.

ನಾನು ಬುಟ್ಟಿ ತೆಗೆದುಕೊಂಡು ಉರಿಗಾಂಗೆ ಹೋದೆ. ಚಿನ್ನದ ಗಣಿಯ ಕಾರ್ಮಿಕರಿಗೆಂದು ಕಟ್ಟಿದ ಸಾಲು ಮನೆಗಳಲ್ಲಿ ಒಂದು. ಮುಂದೆ ನೀರಿನ ಡ್ರಮ್ಮು, ಬಾಗಿಲ ಪಕ್ಕ ಮಂಚ. ಮಂಚದ ಮೇಲೆ ಕೂತಿದ್ದ ವೆಂಕಟಮ್ಮನ ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾರಮ್ಮಾ ಇದು? ಉನ್ ಅಮ್ಮಾ ವೀಟ್ಟು ಆಳಾ?" ಎಂದು ಸೊಸೆಯನ್ನು ತಮಿಳಿನಲ್ಲಿ ಕೇಳಿದಳು. ನಿನ್ನ ತವರಿನವರಾ ಎಂದು. ಆ ಕೇಳುವುದರಲ್ಲೇ ಒಂದು ವ್ಯಂಗ್ಯವಿತ್ತು.

ವೆಂಕಟಮ್ಮ ನನ್ನ ಮುಖ ನೋಡಿದಳು, ಬುಟ್ಟಿ ನೋಡಿದಳು. ನಾನು ಬಾಯಿ ತೆರೆಯುವುದರೊಳಗೆ, ಪಕ್ಕದ ಮನೆಗೂ ಕೇಳುವ ಹಾಗೆ, "ಔದತ್ತೆ, ನಮ್ಮಣ್ಣ ಕಳ್ಸವ್ನೆ!" ಎಂದಳು.

ಇಲ್ಲಮ್ಮ, ನಾನು ಕಂಪನಿಯಿಂದ ಬಂದವಳು ಎನ್ನಬೇಕಾಗಿತ್ತು. ಹೇಳಲಿಲ್ಲ. ಅವಳು ಪಕ್ಕದ ಮನೆಯವರನ್ನು ಕೂಗಿ ಕರೆದಳು. ಅವರೆಲ್ಲರ ಮುಂದೆ ಸೆರಗೊಡ್ಡಿ ನಿಂತಳು. ನಾನು ಅಕ್ಕಿ ಸುರಿದೆ. ಅತ್ತೆ ಮಂಚದಿಂದ ಇಳಿದು, ಕಾಯಿ ತೆಗೆದುಕೊಂಡು ಅಲ್ಲಾಡಿಸಿ ನೋಡಿ, ಒಳಗೆ ಹೋಗಿ ನನಗೆ ಟೀ ಮಾಡಿ ತಂದಳು. ಬಿಡುಗಡೆ ಪತ್ರದ ಕರಡಿಗೆ ಸಹಿ ಟೀ ಕುಡಿಯುವುದರಲ್ಲಿ ಮುಗಿದಿತ್ತು. ಆ ದಿನ ನಾನು ರಂಗನಾಥ್ ಸಾರಿಗೆ ಜೀಪಿನಿಂದಲೇ ಫೋನು ಮಾಡಿದೆ, ಆಯ್ತು ಸಾರ್ ಎಂದು.

ನೋಂದಣಿಗೆ ಅವಳು ಖುದ್ದು ಬರಬೇಕು. ಬಂದಳು, ಸಣ್ಣ ಅಂಚಿನ ಹಸಿರು ಸೀರೆಯಲ್ಲಿ. ಸರ್ವರ್ ಕೈಕೊಟ್ಟಿತ್ತು. ನಾರಾಯಣಪ್ಪನವರು ತಂಗಿಯನ್ನು ಕಂಡವರೇ ಹೊರಗೆ ಹೋಗಿ ಟೀ ಅಂಗಡಿಯ ಮುಂದೆ ಬೆನ್ನು ಹಾಕಿ ನಿಂತರು. ನಾವಿಬ್ಬರೂ ಬೆಂಚಿನ ಮೇಲೆ ಕೂತೆವು.

"ಅಕ್ಕ, ಅವತ್ತು ನೀವ್ ತಂದಿದ್ದು ನಮ್ಮಣ್ಣ ಕಳ್ಸಿದ್ದಲ್ಲ ಅಂತ ನಂಗೊತ್ತಿತ್ತು" ಎಂದಳು, ಬೇರೆಲ್ಲೋ ನೋಡುತ್ತಾ.

ಹೇಗೆ ಗೊತ್ತಾಯಿತು ಎಂದೆ.

"ನಮ್ಮಣ್ಣ ಕಳ್ಸಿದ್ರೆ ರವಿಕೆ ಬಟ್ಟೆ ಅಷ್ಟು ಚೆನ್ನಾಗಿರ್ತಿತ್ತಾ?" ಎಂದು ನಕ್ಕಳು. ಆಮೇಲೆ, "ನಮ್ಮತ್ತೆ ದಿನಾ ಅಂಗಿಸ್ತಿದ್ಲು, ನಿಂಗೆ ಇಂದಿಲ್ಲ ಮುಂದಿಲ್ಲ, ಕೇಳೋರಿಲ್ಲ ಅಂತ. ಆವತ್ತಿಂದ ಬಾಯ್ ಮುಚ್ಕೊಂಡವ್ಳೆ. ಅದೇನು ಕಮ್ಮೀನಾ?"

ಅಷ್ಟು ಹೊತ್ತು ನಾನು ಇವಳನ್ನು ಏಮಾರಿಸಿದೆ ಎಂದು ಅಂದುಕೊಂಡಿದ್ದೆ. ಅವಳು ಎಲ್ಲ ತಿಳಿದು, ಅತ್ತೆಯ ಮುಂದೆ ಒಂದು ಗಳಿಗೆಯ ಮಾನಕ್ಕೆ ತನ್ನ ಪಾಲನ್ನು ಕೊಟ್ಟಿದ್ದಳು. ಕಂಪನಿ ಕೊಟ್ಟ ಬೆಲೆ ಒಂದು ಬುಟ್ಟಿ ಸಾಮಾನು. ನಾನು ಚೀಲದಿಂದ ಪತ್ರ ತೆಗೆದು ಮೊದಲ ಬಾರಿಗೆ ಅವಳಿಗೆ ಪೂರ್ತಿ ಓದಿ ಹೇಳಿದೆ. ಇದಕ್ಕೆ ಸಹಿ ಹಾಕಿದರೆ ಹೊಲದ ಮೇಲೆ ನಿನಗೆ ಯಾವ ಹಕ್ಕೂ ಉಳಿಯುವುದಿಲ್ಲ. ಬೇಡವೆನಿಸಿದರೆ ಅಣ್ಣನ ಜೊತೆ ಗುತ್ತಿಗೆ ಪತ್ರಕ್ಕೇ ಸಹಿ ಹಾಕು, ಇಪ್ಪತ್ತೆಂಟು ವರ್ಷ ಗುತ್ತಿಗೆ ಹಣದಲ್ಲಿ ನಿನಗೂ ಪಾಲು ಬರುತ್ತದೆ ಎಂದೆ. ಕಂಪನಿಯ ಸಂಬಳ ತಿನ್ನುವವಳು ಆಡುವ ಮಾತಲ್ಲ ಅದು. ಆದರೂ ಆಡಿದೆ.

"ಪಾಲು ಕೇಳಿದ್ರೆ ನಮ್ಮಣ್ಣ ಬೆನ್ನೂ ತೋರ್ಸಲ್ಲ ಅಕ್ಕ. ದುಡ್ಡು ಬ್ಯಾಡ. ನಂಗೊಂದು ದಾರಿ ಬುಡ್ಸಿಕೊಡಿ, ಸಾಕು."

"ಯಾವ ದಾರಿ?"

"ನಮ್ಮಮ್ಮನ್ನ ಆ ಒಲದಾಗೇ ಮಣ್ಣು ಮಾಡಿರೋದು. ಒಂಗೆ ಮರದ ತಾವ ಕಲ್ಲೈತೆ. ಅಮ್ಮ ಓದ ದಿನ ವರ್ಷಾವರ್ಷಾ ಓಗಿ ಎಡೆ ಇಕ್ಕಿ ಬತ್ತೀನಿ. ಅಣ್ಣನ ಮನೆಗೇನೂ ಓಗಲ್ಲ. ಬಸ್ಸಿಳಿದು ಒಲಕ್ಕೆ, ಒಲದಿಂದ ಬಸ್ಸಿಗೆ. ನಂಗೆ ತವರು ಅಂದ್ರೆ ಅದೊಂದೇಯ. ಬೇಲಿ ಆಕ್ದ ಮೇಲೂ ಆ ದಿನ ನನ್ನ ಒಳಗೆ ಬುಟ್ರೆ ಸಾಕು."

ನಾನು ಎದ್ದು ಹೊರಗೆ ಹೋಗಿ ರಂಗನಾಥ್ ಸಾರಿಗೆ ಫೋನು ಮಾಡಿದೆ. ಗುತ್ತಿಗೆ ಪತ್ರದಲ್ಲಿ ಒಂದು ಸಾಲು ಸೇರಿಸಬೇಕು ಎಂದೆ. ಪತ್ರ ಛಾಪಾ ಕಾಗದದ ಮೇಲೆ ಮುದ್ರಣವಾಗಿಹೋಗಿತ್ತು. ಬದಲಾಯಿಸಿದರೆ ವಕೀಲೆ ಮತ್ತೆ ನೋಡಬೇಕು, ಬ್ಯಾಂಕಿನವರು ಮತ್ತೆ ಒಪ್ಪಬೇಕು, ದಿನ ಹೋಗುತ್ತದೆ.

"ಬಿಡ್ತೀವಿ ಅಂತ ಹೇಳಿ ಶಾರದಮ್ಮಾ. ಸತ್ತೋರ ವಿಷಯಕ್ಕೆ ಯಾರಾದ್ರೂ ಅಡ್ಡ ಬರ್ತಾರಾ? ಅದಕ್ಕೆಲ್ಲ ಕಾಗದ ಯಾಕೆ?" ಎಂದರು. ಅವರು ಮೋಸಕ್ಕೆ ಹೇಳಲಿಲ್ಲ. ಮನಸ್ಸಿನಿಂದಲೇ ಹೇಳಿದರು.

ಎಷ್ಟು ವರ್ಷ ಪತ್ರಗಳನ್ನು ಟೈಪು ಮಾಡಿದವಳು ನಾನು. ಬಾವಿಯಲ್ಲಿ ನೀರು ಸೇದುವ ಹಕ್ಕು, ಹುಣಸೆ ಮರದಲ್ಲಿ ಅರ್ಧ ಫಸಲು, ಬದುವಿನ ಮೇಲೆ ಎತ್ತಿನ ಗಾಡಿ ಹೋಗುವ ದಾರಿ, ಇಂಥವನ್ನೆಲ್ಲ ಒಂದು ಅಕ್ಷರ ಬಿಡದೆ ಬರೆದವಳು. ಬರೆಯದ ಮಾತು ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಒಳಗೆ ಬಂದು, "ಆಯ್ತು ವೆಂಕಟಮ್ಮ. ನಾನಿದ್ದೀನಲ್ಲ" ಎಂದೆ.

ಸರ್ವರ್ ಬಂತು. ಅವಳು ಹೆಬ್ಬೆಟ್ಟು ಒತ್ತಿ, ಫೋಟೋಗೆ ಮುಖ ಕೊಟ್ಟು, ಬಿಡುಗಡೆ ಪತ್ರಕ್ಕೆ ಸಹಿ ಹಾಕಿದಳು. ಒಪ್ಪಿ ಮಾಡುತ್ತಿದ್ದೀಯಾ ಎಂದು ಅಧಿಕಾರಿ ಕೇಳಿದ್ದಕ್ಕೆ ನನ್ನ ಕಡೆ ನೋಡಿ "ಊಂ" ಎಂದಳು.

ಅದಾದ ಮೇಲೂ ನಾನು ಬುಟ್ಟಿ ಬಿಡಲಿಲ್ಲ ಎಂಬುದನ್ನೂ ಇಲ್ಲಿ ಬರೆಯಬೇಕು. ಆ ಬಯಲಿನ ಸಹಿಗಳೆಲ್ಲ ಮುಗಿಯುವವರೆಗೂ ಜೀಪಿನಲ್ಲಿ ಅದು ಇತ್ತು. ಪತ್ರವನ್ನು ಮೊದಲು ಓದಿ ಹೇಳುತ್ತಿದ್ದೆ, ಆಮೇಲೆ ಮಡಿಲು ತುಂಬುತ್ತಿದ್ದೆ. ಅಷ್ಟಕ್ಕೇ ದೊಡ್ಡ ಸುಧಾರಣೆಯಾಯಿತು ಎಂದುಕೊಂಡಿದ್ದೆ.

ನಾನು ಕೆಲಸದಲ್ಲಿ ಇರುವವರೆಗೆ ಕೊಟ್ಟ ಮಾತು ನಡೆಯಿತು. ಫಲಕ ಕೂರಿಸುವಾಗ ಆ ಕಲ್ಲಿನ ಸುತ್ತ ಸುಣ್ಣದಲ್ಲಿ ಗೆರೆ ಎಳೆಸಿ ಉಳಿಸಿದೆ. ಹೊಂಗೆ ಮರ ಉಳಿಯಲಿಲ್ಲ. ನೆರಳು ಬೀಳುತ್ತದೆಂದು ಕಡಿದರು. ವೆಂಕಟಮ್ಮ ಫೋನು ಮಾಡಿದರೆ ನಾನು ಅಲ್ಲಿನ ಎಂಜಿನಿಯರಿಗೆ ಹೇಳುತ್ತಿದ್ದೆ, ಗೇಟು ತೆಗೆಯುತ್ತಿದ್ದರು. ಆಮೇಲೆ ಕಂಪನಿ ಮಾರಾಟವಾಯಿತು. ಈ ವ್ಯವಹಾರದಲ್ಲಿ ಅದು ಸಾಮಾನ್ಯ. ಒಂದೊಂದು ಯೋಜನೆಗೂ ಒಂದೊಂದು ಚಿಕ್ಕ ಕಂಪನಿ ಮಾಡಿರುತ್ತಾರೆ. ಕರೆಂಟು ಹರಿಯಲು ಶುರುವಾದ ಮೇಲೆ ದೊಡ್ಡವರು ಅದನ್ನು ಕೊಳ್ಳುತ್ತಾರೆ. ಗುತ್ತಿಗೆ ಪತ್ರ, ಖರೀದಿ ಒಪ್ಪಂದ, ಫಲಕ, ತಂತಿ, ಕಾವಲುಗಾರ, ಎಲ್ಲ ಹೊಸಬರಿಗೆ ಹೋಗುತ್ತವೆ. ಶಾರದಮ್ಮ ಬೆಂಚಿನ ಮೇಲೆ ಆಡಿದ ಮಾತು ಹೋಗುವುದಿಲ್ಲ. ನನ್ನಂಥ ವಯಸ್ಸಾದವರನ್ನು ಶಾಲು ಹೊದಿಸಿ ಮನೆಗೆ ಕಳಿಸಿದರು.

ಈ ಸಲ ಅಮ್ಮನ ತಿಥಿಯ ದಿನ ವೆಂಕಟಮ್ಮ ಫೋನು ಮಾಡಿ, "ಅಕ್ಕ, ಬುಡ್ತಾ ಇಲ್ಲ, ಗೇಟ್ ತಾವ ನಿಂತಿವ್ನಿ" ಎಂದಳು. ಇದ್ದ ಸೀರೆಯಲ್ಲೇ ಬಸ್ಸು ಹತ್ತಿ ಹೋದೆ. ಗೇಟಿನ ಪಕ್ಕ, ಬಾಳೆ ಎಲೆ ಮುಚ್ಚಿದ ತಟ್ಟೆ ಹಿಡಿದು ನಿಂತಿದ್ದಳು. ಮುದ್ದೆ, ಅವರೆಕಾಳಿನ ಸಾರು, ಒಬ್ಬಟ್ಟು. ಕಾವಲುಗಾರ ಬೇತಮಂಗಲದ ಕಡೆಯವನು, ಮರ್ಯಾದಸ್ಥ. ನಮಗೆ ತನ್ನ ಕುರ್ಚಿ ಕೊಟ್ಟ.

"ನಂದೇನೈತಮ್ಮ? ಒಳಗೆಲ್ಲ ಕ್ಯಾಮೆರಾ ಇಕ್ಕವ್ರೆ. ಆಫೀಸಿಂದ ಒಂದ್ ಮಾತು ಏಳ್ಸಿ, ಈಗಲೇ ತೆಗಿತೀನಿ."

ಹೊಸ ಕಂಪನಿಗೆ ಫೋನು ಮಾಡಿದೆ. ಹುಡುಗಿಯೊಬ್ಬಳು ಎತ್ತಿದಳು. ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದಳು. "ಮೇಡಂ, ಗುತ್ತಿಗೆ ಪತ್ರ ನನ್ನ ಮುಂದೇನೇ ಇದೆ. ಇದು ಯಾವ ಕಲಮಿನಲ್ಲಿ ಇದೆ ಹೇಳ್ತೀರಾ?" ಎಂದಳು.

ಯಾವ ಕಲಮಿನಲ್ಲೂ ಇಲ್ಲಮ್ಮ ಎಂದೆ.

"ಹಾಗಾದ್ರೆ ನಾನು ಹೇಗೆ ಮೇಡಂ..." ಎಂದು ನಿಲ್ಲಿಸಿದಳು. ಅವಳ ತಪ್ಪೇನೂ ಇಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

ಕೊನೆಗೆ ಕಾವಲುಗಾರನೇ, "ಕೊಡಮ್ಮ ಇಲ್ಲಿ, ನಾನೇ ಇಕ್ಕಿ ಬತ್ತೀನಿ" ಎಂದು ಕೈತೊಳೆದುಕೊಂಡು, ಚಪ್ಪಲಿ ಬಿಟ್ಟು, ತಟ್ಟೆ ತೆಗೆದುಕೊಂಡು ಒಳಗೆ ಹೋದ. ವೆಂಕಟಮ್ಮ ತಂತಿಯ ಈ ಕಡೆಯಿಂದ ಕೈಮಾಡಿ ದಾರಿ ಹೇಳುತ್ತಿದ್ದಳು. ಎಡಕ್ಕೆ, ಇನ್ನೂ ಎಡಕ್ಕೆ, ಆ ಕಂಬದ ಇಂದೆ. ಅವನು ಫಲಕಗಳ ಸಾಲಿನಲ್ಲಿ ಮರೆಯಾದ. ಬಹಳ ಹೊತ್ತಾದ ಮೇಲೆ ಬರಿಗೈಯಲ್ಲಿ ಬಂದ.

"ಕಲ್ಲು ಇಲ್ಲಮ್ಮ. ಉಲ್ಲು ಕುಯ್ಯೋ ಮಿಷನ್ನಿಗೆ ತಗಲ್ತದೆ ಅಂತ ಕಿತ್ತಾಕವ್ರೆ. ನೀನು ತೋರ್ಸಿದ ಕಡೆ ಪ್ಯಾನಲ್ ಕೆಳಗೆ ಇಕ್ಕಿ ಬಂದೆ."

ನಾನು ವೆಂಕಟಮ್ಮನ ಮುಖ ನೋಡಲಿಲ್ಲ. ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ಅವನನ್ನಲ್ಲ, ನನ್ನನ್ನು ಸಮಾಧಾನ ಮಾಡುವ ಹಾಗೆ ಹೇಳಿದಳು: "ನೆಳ್ಳಾಗೆ ಇಕ್ಕಿದ್ದು ಒಳ್ಳೇದೇ ಆಯ್ತು ಬುಡಿ ಅಕ್ಕ. ನಮ್ಮಮ್ಮಂಗೆ ಬಿಸ್ಲು ಆಗ್ತಿರ್ಲಿಲ್ಲ."

ಈ ಕೆಲಸಕ್ಕೆ ಬರುವ ಹೆಣ್ಣುಮಕ್ಕಳೇ, ಅವತ್ತು ನಾನು ಬರೆಸದೆ ಬಿಟ್ಟ ಸಾಲನ್ನು ಇಲ್ಲಿ ಬರೆದಿಡುತ್ತೇನೆ. ಹೆಸರು ಬದಲಿಸಿ ಬಳಸಿಕೊಳ್ಳಿ.

"ಸದರಿ ಸ್ವತ್ತಿನೊಳಗಿರುವ ಸಮಾಧಿ ಸ್ಥಳವನ್ನು ಗುತ್ತಿಗೆದಾರರೂ, ಅವರಿಂದ ಮುಂದೆ ಹಕ್ಕು ಪಡೆಯುವ ಯಾರೇ ಆಗಲಿ, ಕೀಳದೆ, ಕದಲಿಸದೆ, ಮುಚ್ಚದೆ ಕಾಪಾಡತಕ್ಕದ್ದು, ಮತ್ತು ಮೃತರ ಮಗಳಾದ ವೆಂಕಟಮ್ಮನವರು ಪ್ರತಿ ವರ್ಷ ತಾಯಿಯ ತಿಥಿಯಂದು ಯಾರ ಅನುಮತಿಯನ್ನೂ ಕೇಳದೆ ಒಳಗೆ ಬಂದು ಹೋಗಲು ಹಕ್ಕುಳ್ಳವರಾಗಿರುತ್ತಾರೆ."

ಇದನ್ನು ಟೈಪು ಮಾಡಲು ಎಷ್ಟು ಹೊತ್ತು ಹಿಡಿಯುತ್ತದೆ, ಒಮ್ಮೆ ಮಾಡಿ ನೋಡಿ.